ಅಂಧಕವಿ ಮಿಲ್ಟನ್

ಮಿಲ್ಟನ್ ಮಹಾಕವಿಯ ಕಾವ್ಯವನ್ನು ಪರೀಕ್ಷೆಗೆಂದು ಓದುವ ನಮ್ಮಂಥವರು, ಅದನ್ನು ರಚಿಸಿದಾತನು ಎಂತಹ ಕತ್ತಲೆಯಲ್ಲಿ ಕುಳಿತಿದ್ದನೆಂಬುದನ್ನು ಯೋಚಿಸುವುದು ಅಪರೂಪ. ಕಾವ್ಯಕ್ಕಿಂತ ಮೊದಲು ನನ್ನ ಮನಸ್ಸನ್ನು ಹಿಡಿದದ್ದು ಆತನ ಬಾಳು.

ಜಾನ್ ಮಿಲ್ಟನ್ 1608ರಲ್ಲಿ ಲಂಡನ್ನಿನಲ್ಲಿ ಜನಿಸಿದನು. ಹನ್ನೆರಡನೆಯ ವಯಸ್ಸಿನಿಂದಲೇ ನಡುರಾತ್ರಿಯವರೆಗೂ ಓದುವುದು ಆತನ ಅಭ್ಯಾಸ. ಕೇಂಬ್ರಿಜ್ಜಿನಲ್ಲಿ ಪದವಿ ಪಡೆದು, 1638ರಲ್ಲಿ ಇಟಲಿಯ ಪ್ರವಾಸಕ್ಕೆ ಹೊರಟನು. ಅಲ್ಲಿ ವೃದ್ಧ ಗೆಲಿಲಿಯೋನನ್ನು ಕಂಡನು. ಆಕಾಶವನ್ನು ಲೋಕಕ್ಕೆ ತೋರಿಸಿಕೊಟ್ಟ ಆ ವಿಜ್ಞಾನಿ ಆಗ ದೃಷ್ಟಿ ಕಳೆದುಕೊಂಡಿದ್ದನು. ಅದೇ ಕತ್ತಲೆ ಮುಂದೆ ತನಗೂ ಕಾದಿದೆಯೆಂದು ಮೂವತ್ತರ ತರುಣನಿಗೆ ಹೇಗೆ ತಿಳಿಯಬೇಕು!

1649ರಲ್ಲಿ ಇಂಗ್ಲೆಂಡಿನಲ್ಲಿ ರಾಜನ ಶಿರಚ್ಛೇದವಾಗಿ ಗಣರಾಜ್ಯ ಬಂದಿತು. ಅದರ ವಿದೇಶೀ ಪತ್ರವ್ಯವಹಾರ ನೋಡುವ ಕೆಲಸ ಮಿಲ್ಟನ್ನನಿಗೆ ದೊರೆಯಿತು. ಅಷ್ಟರಲ್ಲಿ ಒಂದು ಕಣ್ಣು ಮಂಕಾಗಿತ್ತು. ಗಣರಾಜ್ಯವನ್ನು ಸಮರ್ಥಿಸುವ ಗ್ರಂಥಕ್ಕೆ ಕೈಹಾಕಿದರೆ ಉಳಿದ ಕಣ್ಣೂ ಹೋದೀತೆಂದು ವೈದ್ಯರು ಎಚ್ಚರಿಸಿದರು. ಆತನು ತಿಳಿದೇ ಬರೆದನು. 1652ರ ವೇಳೆಗೆ ಪೂರ್ಣ ಕುರುಡನಾದನು. ಅದೇ ವರ್ಷ ಹೆಂಡತಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಳು. ಒಬ್ಬನೇ ಮಗನೂ ಹೋದನು. ಇದೆಲ್ಲ ದೇವರು ಕೊಟ್ಟ ಶಿಕ್ಷೆಯೆಂದು ವಿರೋಧಿಗಳು ಹಂಗಿಸಿದರು. ಕುರುಡನಾದ ಮೇಲೆ ಕೈಹಿಡಿದ ಎರಡನೆಯ ಮಡದಿಯೂ ಆಕೆಯ ಹಸುಗೂಸೂ 1658ರಲ್ಲಿ ಗತಿಸಿದರು. 1660ರಲ್ಲಿ ರಾಜಪ್ರಭುತ್ವ ಮರಳಿತು. ಆತನ ಪುಸ್ತಕಗಳನ್ನು ಸುಟ್ಟರು. ಆತನನ್ನು ಕೆಲಕಾಲ ಸೆರೆಯಲ್ಲಿಟ್ಟರು. ಕಣ್ಣನ್ನೇ ತೆತ್ತು ಸಮರ್ಥಿಸಿದ ವ್ಯವಸ್ಥೆ ಮಣ್ಣುಗೂಡಿತ್ತು.

ಇಂತಹವನಿಗೆ ಮನಸ್ಸು ಕುಗ್ಗದಿರುತ್ತದೆಯೆ? ಕುರುಡನ್ನು ಕುರಿತು ಬರೆದ ಸುನೀತದಲ್ಲಿ, ಕೆಲಸಕ್ಕೆ ಬಾರದ ತನ್ನಿಂದ ದೇವರು ಏನನ್ನು ಕೇಳಬಲ್ಲನೆಂದು ಕೊರಗಿ, ಕೊನೆಗೆ ತಾಳ್ಮೆಯಲ್ಲಿ ಉತ್ತರ ಹುಡುಕಿದನು. ಆ ತಾಳ್ಮೆ ಸುಮ್ಮನೆ ಕೂರುವುದಾಗಿರಲಿಲ್ಲ. ರಾತ್ರಿಯೆಲ್ಲ ಪದ್ಯದ ಸಾಲುಗಳನ್ನು ಮನಸ್ಸಿನಲ್ಲೇ ಕಟ್ಟಿಟ್ಟು, ಬೆಳಿಗ್ಗೆ ಯಾರಿಂದಲಾದರೂ ಬರೆಸುತ್ತಿದ್ದನು. ಬರೆದುಕೊಳ್ಳುವವರು ತಡವಾಗಿ ಬಂದರೆ, ಕೆಚ್ಚಲು ತುಂಬಿದ ಹಸುವಿನಂತೆ ಚಡಪಡಿಸುತ್ತಿದ್ದನಂತೆ.

ಆತನಲ್ಲಿ ದೋಷವಿರಲಿಲ್ಲವೆಂದಲ್ಲ. ಅರ್ಥವಾಗದ ಭಾಷೆಗಳ ಗ್ರಂಥಗಳನ್ನು ಹೆಣ್ಣುಮಕ್ಕಳಿಂದ ಗಟ್ಟಿಯಾಗಿ ಓದಿಸಿದನು, ಅವರು ಬೇಸತ್ತರು. ಮನೆಯಲ್ಲಿ ಓದುಬಲ್ಲವನು ನಾನೊಬ್ಬನೇ ಆದುದರಿಂದ, ಹಿರಿಯರಿಗೆ ಕಾಗದಪತ್ರ ಓದಿ ಹೇಳುವ ಕೆಲಸ ನನ್ನದು. ಆ ಹುಡುಗಿಯರ ಬೇಸರವೂ, ಪರರ ಕಣ್ಣನ್ನು ಕಾಯಬೇಕಾದ ತಂದೆಯ ಸಂಕಟವೂ ನನಗೆ ಒಟ್ಟಿಗೇ ತಿಳಿಯುತ್ತವೆ.

ಹತ್ತು ಸಾವಿರಕ್ಕೂ ಮೀರಿದ ಸಾಲುಗಳ 'ಪ್ಯಾರಡೈಸ್ ಲಾಸ್ಟ್' 1667ರಲ್ಲಿ ಅಚ್ಚಾಯಿತು. ಪ್ರಕಾಶಕನು ಮೊದಲು ಕೊಟ್ಟದ್ದು 5 ಪೌಂಡು. ಆದರೆ ಕಾವ್ಯ ಮುಗಿಯಿತೆಂದು ದುಃಖ ಮುಗಿಯಲಿಲ್ಲ. 1671ರಲ್ಲಿ ಪ್ರಕಟವಾದ ನಾಟಕದಲ್ಲಿ, ಶತ್ರುಗಳು ಕಣ್ಣು ಕಿತ್ತ ಸ್ಯಾಮ್ಸನ್ ತನ್ನ ಕತ್ತಲೆಗಾಗಿ ಗೋಳಿಡುತ್ತಾನೆ. 1674ರಲ್ಲಿ ಮಿಲ್ಟನ್ ತೀರಿಕೊಂಡನು.

ಉದ್ದೇಶ ಸಿಕ್ಕೊಡನೆ ಮನಸ್ಸಿನ ಭಾರ ಇಳಿದುಹೋಗುತ್ತದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮಿಲ್ಟನ್ನನ ಬಾಳು ಹಾಗೆ ಹೇಳುವುದಿಲ್ಲ. ಭಾರ ಇಳಿದ ಮೇಲೆ ಕೆಲಸ ಹಿಡಿಯೋಣವೆಂದು ಆತನು ಕಾಯಲಿಲ್ಲ, ಅಷ್ಟೆ. ಭಾರ ಇದ್ದಂತೆಯೇ, ಪ್ರತಿ ಬೆಳಿಗ್ಗೆ ಬರೆಸಲು ಆತನ ಬಳಿ ಒಂದಷ್ಟು ಸಾಲುಗಳಿರುತ್ತಿದ್ದವು.