ಕೊಲ್ಹಾಪುರದಲ್ಲಿ ಕನ್ನಡ ಮಾತಾಡಿಸಿದ ವೈ.ವಿ. ರಾವ್

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಹೆಸರು ಬಂದಾಗಲೆಲ್ಲ ನೆನಪಾಗುವವರು ಸುಬ್ಬಯ್ಯ ನಾಯ್ಡು ಮತ್ತು ನಾಗೇಂದ್ರರಾಯರು. ನಿರ್ದೇಶಕನನ್ನು ನೆನೆಯುವವರು ವಿರಳ.

ನೆಲ್ಲೂರು ಮೂಲದ ಯರಗುಡಿಪಾಟಿ ವರದರಾವ್ ಮೂಕಿ ಚಿತ್ರಗಳ ನಟರಾಗಿ ಬೆಳೆದವರು. ‘ಗರುಡ ಗರ್ವಭಂಗಂ’ನಲ್ಲಿ ಅಭಿನಯಿಸಿ, 1930ರ ಹೊತ್ತಿಗೆ ‘ಪಾಂಡವ ನಿರ್ವಾಣ’, ‘ಸಾರಂಗಧರ’ಗಳನ್ನು ನಿರ್ದೇಶಿಸಿದರು. ಗುಬ್ಬಿ ವೀರಣ್ಣನವರ ಮೂಕಿ ಚಿತ್ರ ‘ಹರಿಮಾಯಾ’ದ ನಿರ್ದೇಶಕರೂ ಅವರೇ.

ಮಾತು ಬಂದೊಡನೆ ಮೂಕಿ ಯುಗದ ಹಲವರು ಮರೆಗೆ ಸರಿದರು; ರಾವ್ ಸರಿಯಲಿಲ್ಲ. ಮಾತೃಭಾಷೆಯಲ್ಲದ ಕನ್ನಡದಲ್ಲಿ, ಅದಕ್ಕೆ ಮುನ್ನ ಯಾರೂ ಮಾಡದ ಕೆಲಸವನ್ನು ಅವರು ಕೈಗೆತ್ತಿಕೊಂಡರು. ಧ್ವನಿಮುದ್ರಣದ ಸ್ಟುಡಿಯೊ ಮೈಸೂರು ಸಂಸ್ಥಾನದಲ್ಲಿರಲಿಲ್ಲ. ಹೀಗಾಗಿ ಕನ್ನಡದ ತಂಡ ಜಮಖಂಡಿ, ರಬಕವಿಗಳವರಿಗೆ ಚಿರಪರಿಚಿತವಾದ ಕೊಲ್ಹಾಪುರಕ್ಕೆ ಹೋಗಬೇಕಾಯಿತು. ಬೆಳ್ಳಾವೆ ನರಹರಿಶಾಸ್ತ್ರಿಗಳ ಸಾಹಿತ್ಯ, ಚಮನ್‌ಲಾಲ್ ಡುಂಗಾಜಿಯವರ ಬಂಡವಾಳ. ವೆಚ್ಚ ಸುಮಾರು 40 ಸಾವಿರ ರೂಪಾಯಿ. ರಾವ್ ಲಕ್ಷ್ಮಣನ ಪಾತ್ರವನ್ನೂ ವಹಿಸಿದರು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಚಿತ್ರ ಆರು ವಾರ ತುಂಬಿದ ಗೃಹಗಳಲ್ಲಿ ನಡೆಯಿತು.

ಆದರೆ ರಾವ್ ಅವರಿಗೆ ದೊಡ್ಡ ಕೀರ್ತಿ ತಂದದ್ದು ತಮಿಳು. 1937ರ ‘ಚಿಂತಾಮಣಿ’ಯಲ್ಲಿ ತ್ಯಾಗರಾಜ ಭಾಗವತರಿಗೆ ಎದುರಾಗಿ ಕನ್ನಡ ರಂಗಭೂಮಿಯ ಅಶ್ವತ್ಥಮ್ಮ ನಟಿಸಿದ್ದರು. ಆ ಗಳಿಕೆಯಿಂದ ಮಧುರೆಯಲ್ಲಿ ಅದೇ ಹೆಸರಿನ ಚಿತ್ರಮಂದಿರವೇ ಎದ್ದಿತು!

ರಾವ್ 1973ರಲ್ಲಿ ನಿಧನರಾದರು. ನಟಿ ಲಕ್ಷ್ಮಿ ಅವರ ಪುತ್ರಿ. ‘ಸತಿ ಸುಲೋಚನ’ದ ಪ್ರತಿ ಮಾತ್ರ ಉಳಿದಿಲ್ಲ.