ಸಕ್ಕರೆಯ ಒಗಟನ್ನು ಬಿಡಿಸಿದ ಎಮಿಲ್ ಫಿಷರ್

ಜೇನಿನ ಸಿಹಿಯನ್ನಾಗಲಿ ದ್ರಾಕ್ಷಿಯ ಸಿಹಿಯನ್ನಾಗಲಿ ಅರಿಯದವರಿಲ್ಲ. ಆದರೆ ಆ ಸಿಹಿಗೆ ಕಾರಣವಾದ ಸಕ್ಕರೆಗಳ ಒಳರಚನೆ ಎಂತಹುದೆಂಬುದು ಬಹುಕಾಲ ಒಗಟಾಗಿಯೇ ಉಳಿದಿತ್ತು. ಅದನ್ನು ಬಿಡಿಸಿದವನು ಜರ್ಮನಿಯ ರಸಾಯನವಿಜ್ಞಾನಿ ಎಮಿಲ್ ಫಿಷರ್.

ಫಿಷರನು 1852ರ ಅಕ್ಟೋಬರ್ 9ರಂದು ಕಲೋನ್ ನಗರದ ಸಮೀಪದ ಒಂದು ಊರಿನಲ್ಲಿ ಜನಿಸಿದನು. ವರ್ತಕನಾದ ತಂದೆ ಮಗನನ್ನು ಮರದ ವ್ಯಾಪಾರಕ್ಕೆ ಸೇರಿಸಿದನು. ಲೆಕ್ಕಪತ್ರಗಳಲ್ಲಿ ಹುಡುಗನ ಮನಸ್ಸು ನಿಲ್ಲಲಿಲ್ಲ. ಕೊನೆಗೆ ತಂದೆಯೇ ಸೋತು ಅವನನ್ನು ಓದಲು ಕಳುಹಿಸಿದನು. ಬಾನ್ ಮತ್ತು ಸ್ಟ್ರಾಸ್‌ಬರ್ಗ್ ನಗರಗಳಲ್ಲಿ ಕಲಿತ ಫಿಷರನು 1874ರಲ್ಲಿ ಡಾಕ್ಟರೇಟ್ ಪದವಿ ಪಡೆದನು.

ಮರುವರ್ಷ ಅವನು ಫೀನೈಲ್ ಹೈಡ್ರಜೀನ್ ಎಂಬ ಹೊಸ ವಸ್ತುವನ್ನು ಕಂಡುಹಿಡಿದನು. ಆ ಕಾಲದಲ್ಲಿ ಸಕ್ಕರೆಗಳನ್ನು ಶುದ್ಧವಾಗಿ ಬೇರ್ಪಡಿಸುವುದು ಸುಲಭವಾಗಿರಲಿಲ್ಲ. ಅವು ಅಂಟು ಪಾಕವಾಗಿಯೇ ಉಳಿಯುತ್ತಿದ್ದವು. ಈ ಹೊಸ ವಸ್ತುವಿನೊಡನೆ ಕಾಯಿಸಿದರೆ ಸಕ್ಕರೆಗಳು ಹಳದಿ ಹರಳುಗಳನ್ನು ಕೊಡುತ್ತವೆಂದು 1884ರಲ್ಲಿ ಫಿಷರನು ತೋರಿಸಿದನು. ಕತ್ತಲಲ್ಲಿ ತಡಕಾಡುತ್ತಿದ್ದವರಿಗೆ ದೀಪ ದೊರೆತಂತಾಯಿತು.

ಗ್ಲೂಕೋಸ್, ಮ್ಯಾನೋಸ್, ಗ್ಯಾಲಕ್ಟೋಸ್ ಎಂಬ ಮೂರು ಸಕ್ಕರೆಗಳಲ್ಲಿಯೂ ಇಂಗಾಲದ 6, ಜಲಜನಕದ 12, ಆಮ್ಲಜನಕದ 6 ಪರಮಾಣುಗಳಿವೆ. ಅವುಗಳ ಅಣುಗಳ ತೂಕವೂ ಒಂದೇ. ವ್ಯತ್ಯಾಸವಿರುವುದು ಪರಮಾಣುಗಳು ಎಡಬಲಗಳಿಗೆ ಮುಖಮಾಡಿ ನಿಂತಿರುವ ಕ್ರಮದಲ್ಲಿ. ಇಂತಹ ಕ್ರಮಗಳು 16 ಸಾಧ್ಯ. ಗ್ಲೂಕೋಸ್ ಮತ್ತು ಮ್ಯಾನೋಸ್ ಎರಡೂ ಒಂದೇ ಬಗೆಯ ಹರಳನ್ನು ಕೊಟ್ಟುದರಿಂದ, ಅವುಗಳ ಭೇದವು ಇಂಗಾಲದ ಒಂದೇ ಒಂದು ಪರಮಾಣುವಿನ ಬಳಿ ಇದೆಯೆಂದು ಫಿಷರನು ಊಹಿಸಿದನು. ಹೀಗೆ ಒಂದೊಂದೇ ಸುಳಿವನ್ನು ಹಿಡಿದು, ಸಲ್ಲದವುಗಳನ್ನು ತಳ್ಳಿಹಾಕುತ್ತ, 1891ರಲ್ಲಿ ಗ್ಲೂಕೋಸಿನ ರೂಪವನ್ನು ನಿರ್ಧರಿಸಿದನು. ಬಿಂಬ ಪ್ರತಿಬಿಂಬಗಳಂತಿದ್ದ ಎರಡು ರೂಪಗಳಲ್ಲಿ ಯಾವುದು ನಿಜವೆಂದು ತಿಳಿಯಲು ಆಗ ದಾರಿಯಿರಲಿಲ್ಲ. ಅವನು ಒಂದನ್ನು ಆರಿಸಿಕೊಂಡನು. ಆ ಆಯ್ಕೆ ಸರಿಯಾಗಿತ್ತೆಂಬುದು ಕ್ಷಕಿರಣಗಳ ನೆರವಿನಿಂದ 1951ರಲ್ಲಿ ಸಿದ್ಧವಾಯಿತು.

1902ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಈ ಸಾಧನೆಗೆ ಅವನು ತೆತ್ತ ಬೆಲೆ ಅಲ್ಪವಲ್ಲ. ದೀಪವಾಗಿ ಒದಗಿದ ಆ ವಸ್ತುವೇ ವಿಷವಾಗಿ ಅವನ ಆರೋಗ್ಯವನ್ನು ಕೆಡಿಸಿತು. ಪತ್ನಿ 1895ರಲ್ಲಿಯೇ ತೀರಿಕೊಂಡಿದ್ದಳು. ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ಅಗಲಿದರು. ಉಳಿದ ಮಗ ಹರ್ಮನ್ ಮುಂದೆ ತಂದೆಯಂತೆಯೇ ಸಕ್ಕರೆಗಳ ಸಂಶೋಧಕನಾದನು. 1919ರ ಜುಲೈ 15ರಂದು ಫಿಷರನು ಬರ್ಲಿನ್ನಿನಲ್ಲಿ ನಿಧನನಾದನು.

ಅದೇ ವರ್ಷ ಇಂಗ್ಲೆಂಡಿನಲ್ಲಿ ಆ್ಯಸ್ಟನ್ ಎಂಬ ವಿಜ್ಞಾನಿ ಪರಮಾಣುಗಳನ್ನು ತೂಗಬಲ್ಲ ಮಾಸ್ ಸ್ಪೆಕ್ಟ್ರೋಗ್ರಾಫ್ ಉಪಕರಣವನ್ನು ನಿರ್ಮಿಸಿದನು. ಅದರ ಸಂತತಿಯ ಉಪಕರಣಗಳು ಇಂದು ಹಲವು ಸಕ್ಕರೆಗಳು ಸರಪಳಿಯಂತೆ ಹೆಣೆದುಕೊಂಡ ಜಟಿಲ ಕಾರ್ಬೋಹೈಡ್ರೇಟುಗಳ ಅಣುಗಳಿಗೆ ವಿದ್ಯುದಾವೇಶ ಕೊಟ್ಟು, ಅವನ್ನು ಒಡೆದು, ತುಣುಕುಗಳನ್ನು ತೂಗುತ್ತವೆ. ಆದರೂ ಸಮತೂಕದ ಆ ಮೂರು ಸಕ್ಕರೆಗಳನ್ನು ತೂಕವೊಂದರಿಂದಲೇ ಬೇರೆ ಬೇರೆಯಾಗಿ ಗುರುತಿಸಲಾಗದು; ಅದಕ್ಕೆ ಬೇರೆ ಪರೀಕ್ಷೆಗಳೂ ಬೇಕು. ತಕ್ಕಡಿ ತೂಕವನ್ನು ಹೇಳೀತು, ರೂಪವನ್ನು ಹೇಳದು. ಕಣ್ಣಿಗೆ ಕಾಣದ ಆ ರೂಪವನ್ನು ಕೆಲವು ಹರಳುಗಳಿಂದಲೂ ತಾಳ್ಮೆಯ ಆಲೋಚನೆಯಿಂದಲೂ ಕಂಡುಕೊಂಡುದೇ ಫಿಷರನ ಹಿರಿಮೆ.