ಮಗಳಿಗೆ ಬರೆದ ಚರಿತ್ರೆ: ಜವಾಹರಲಾಲ್ ನೆಹರು

ಜವಾಹರಲಾಲ್ ನೆಹರು ವೃತ್ತಿಯಿಂದ ಚರಿತ್ರಕಾರರಲ್ಲ, ಶಿಕ್ಷಕರೂ ಅಲ್ಲ. 1889ರ ನವೆಂಬರ್ 14ರಂದು ಅಲಹಾಬಾದಿನಲ್ಲಿ ಹುಟ್ಟಿದ ಅವರಿಗೆ ಮೊದಲ ಪಾಠಗಳು ಮನೆಯಲ್ಲೇ ನಡೆದವು. ಮುಂದೆ ಇಂಗ್ಲೆಂಡಿನ ಹ್ಯಾರೋ ಶಾಲೆ, ಆಮೇಲೆ ಕೇಂಬ್ರಿಜ್. ಅಲ್ಲಿ ಓದಿದ್ದು ರಸಾಯನವಿಜ್ಞಾನ, ಭೂವಿಜ್ಞಾನ, ಸಸ್ಯವಿಜ್ಞಾನ. 1912ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದರೂ ವಕೀಲಿ ಹಿಡಿಸಲಿಲ್ಲ. ಗಾಂಧೀಜಿಯವರ ಚಳವಳಿ ಸೆಳೆದುಕೊಂಡಿತು.

1928ರ ಬೇಸಿಗೆಯಲ್ಲಿ ಹತ್ತು ವರ್ಷದ ಮಗಳು ಇಂದಿರಾ ಮಸ್ಸೂರಿಯಲ್ಲಿದ್ದಳು, ತಂದೆ ಅಲಹಾಬಾದಿನಲ್ಲಿ. ಆಗ ಅವಳಿಗೆ ಬರೆದ ಪತ್ರಗಳು ಮರುವರ್ಷ ಪುಸ್ತಕವಾದವು. ಅವನ್ನು ಹಿಂದಿಗೆ ತಂದವರು ಪ್ರೇಮಚಂದ್. ಪತ್ರಗಳು ರಾಜರಿಂದ ಶುರುವಾಗುವುದಿಲ್ಲ. ಬೆಟ್ಟದ ಬಂಡೆಯಿಂದ ಒಡೆದ ಚೂಪು ಕಲ್ಲು ಮಳೆನೀರಿನೊಡನೆ ಕಣಿವೆಗಿಳಿದು, ಹೊಳೆಯಲ್ಲಿ ಉರುಳಿ ಉರುಳಿ ದುಂಡಗಾಗುವುದನ್ನು ಹೇಳಿ, ಆ ಕಲ್ಲನ್ನೂ ಪುಸ್ತಕದಂತೆ ಓದಬಹುದೆಂದು ತಿಳಿಸುತ್ತಾರೆ. ಭೂವಿಜ್ಞಾನ ಇಲ್ಲಿ ಕೈಹಿಡಿದಿರಬೇಕು.

ಪೌರನೀತಿ ಬೋಧಿಸುವವರು ಬಿಡದೆ ನೋಡಬೇಕಾದ ಭಾಗ ಮುಂದೆ ಬರುತ್ತದೆ. ಬೇಸಾಯ ಬಂದ ಮೇಲೆ ಜನ ಕೆಲಸ ಹಂಚಿಕೊಳ್ಳಬೇಕಾಯಿತು. ಅದನ್ನು ನೋಡಿಕೊಳ್ಳಲು ಕುಲಕ್ಕೊಬ್ಬ ಹಿರಿಯ ಬೇಕಾದ. ಮೊದಲು ಎಲ್ಲವೂ ಕುಲದ ಸೊತ್ತು. ಹಿರಿಯ ಮೆಲ್ಲಗೆ ಅದನ್ನು ತನ್ನದೆಂದುಕೊಂಡ. ಅವನ ಜಾಗ ಮಗನಿಗೆ ಹೋಗತೊಡಗಿತು. ಕೊನೆಗೆ ಆ ಹಿರಿಯನೇ ರಾಜನಾದ. ಆಸ್ತಿ, ಅಧಿಕಾರ, ವರ್ಗ ಎಂಬ ಕಠಿಣ ಪರಿಕಲ್ಪನೆಗಳು ವ್ಯಾಖ್ಯೆಯ ಭಾರವಿಲ್ಲದೆ ಮಗುವಿಗೆ ತಲುಪುತ್ತವೆ. ನಮ್ಮ ಬೋಧನಾಭ್ಯಾಸದ ಪಾಠಗಳಲ್ಲಿ ಸರ್ಕಾರದ ಅಂಗಗಳ ಹೆಸರುಗಳು ಮೊದಲೇ ಕಪ್ಪುಹಲಗೆಗೆ ಬರುತ್ತವೆ. ಸರ್ಕಾರ ಯಾಕೆ ಬೇಕಾಯಿತು ಎಂಬ ಪ್ರಶ್ನೆ ಎಷ್ಟೋ ಸಲ ಬರುವುದೇ ಇಲ್ಲ. ಜನಾಂಗಗಳ ಬಗ್ಗೆ ಪತ್ರಗಳಲ್ಲಿರುವ ಕೆಲವು ಮಾತುಗಳು ಮಾತ್ರ ಇಂದು ಹಳತಾಗಿವೆ. ತರಗತಿಗೆ ಒಯ್ಯುವ ಮುನ್ನ ಪ್ರಶಿಕ್ಷಣಾರ್ಥಿಗಳು ಪರಿಶೀಲಿಸಿಕೊಳ್ಳಬೇಕು.

ಎರಡನೆಯ ಪುಸ್ತಕ ಹುಟ್ಟಿದ್ದು ಬಹುಮಟ್ಟಿಗೆ ಸೆರೆಮನೆಗಳಲ್ಲಿ. ಇಂದಿರಾಳ ಹದಿಮೂರನೆಯ ಹುಟ್ಟುಹಬ್ಬಕ್ಕೆಂದು 1930ರ ಅಕ್ಟೋಬರಿನಲ್ಲಿ ನೈನಿ ಜೈಲಿನಿಂದ ಆರಂಭವಾಗಿ, ಬರೇಲಿ, ಡೆಹ್ರಾಡೂನ್ ಜೈಲುಗಳಲ್ಲಿ ಮುಂದುವರಿದು, 1933ರ ಆಗಸ್ಟಿನಲ್ಲಿ ಮುಗಿಯುವಾಗ ಪತ್ರಗಳು 196 ಆಗಿದ್ದವು. ಗ್ರಂಥಾಲಯವಿಲ್ಲ, ಸಿಕ್ಕ ಪುಸ್ತಕ ಓದಿ ಮಾಡಿಕೊಂಡ ಟಿಪ್ಪಣಿಗಳೇ ಆಧಾರ. ಯುರೋಪಿನಷ್ಟೇ ಆಸಕ್ತಿಯಿಂದ ಚೀನಾ, ಅರಬ್ ನಾಡು, ಆಗ್ನೇಯ ಏಷ್ಯಾಗಳ ಕಥೆಯನ್ನೂ ಹೇಳುತ್ತಾರೆ. ಆದರೆ ಮೊದಲ ಪತ್ರಗಳ ಸರಳತೆ ಇಲ್ಲಿಲ್ಲ. ಹೋಗುತ್ತ ಹೋಗುತ್ತ ಮಗಳು ಮರೆಯಾಗಿ ವಿದ್ಯಾವಂತ ಓದುಗ ಎದುರಿಗೆ ಬರುತ್ತಾನೆ. ಪ್ರೌಢಶಾಲೆಯ ಮಕ್ಕಳಿಗಿಂತ ಅವರ ಶಿಕ್ಷಕರಿಗೇ ಇದು ಹೆಚ್ಚು ಒದಗುವ ಪುಸ್ತಕ.

ಸ್ವಾತಂತ್ರ್ಯ ಬಂದ ಮೇಲೆ ಹದಿನೇಳು ವರ್ಷ ಪ್ರಧಾನಿಯಾಗಿದ್ದು, 1964ರ ಮೇ 27ರಂದು ತೀರಿಕೊಂಡರು. ಈ ಚರಿತ್ರೆಯನ್ನು ಅವರು 1933ಕ್ಕೆ ನಿಲ್ಲಿಸಿರಲಿಲ್ಲ. 1938ರಲ್ಲಿ ಯುರೋಪಿನಿಂದ ಮರಳುವಾಗ, ಅರಬ್ಬೀ ಸಮುದ್ರದ ಮೇಲೆ, ತಮ್ಮ ಹುಟ್ಟುಹಬ್ಬದ ದಿನಾಂಕ ಹಾಕಿ, ನಡುವಿನ ಐದು ವರ್ಷಗಳನ್ನು ಕುರಿತ ಹಿಂಬರಹವೊಂದನ್ನು ಸೇರಿಸಿದರು.